ಸಿವಿಲ್ ಎಂಜಿನಿಯರಿಂಗ್ ಓದಿದವರಿಗೆ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಪಿಯುಸಿ ಫಲಿತಾಂಶ ಬಂದ ವಾರ ತುಮಕೂರಿನಲ್ಲಿ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಸಿವಿಲ್ ತಗೊಂಡ್ರೆ ಕೆಲಸ ಸಿಗುತ್ತಾ ಸರ್?’ ಸಿಗುತ್ತದೆ. ಆದರೆ ಕೊನೆಯ ಸೆಮಿಸ್ಟರ್ ಮುಗಿಸಿಕೊಂಡು ಹುಡುಕಲು ಹೊರಟರೆ ತಡವಾಗುತ್ತದೆ. ಎರಡನೇ ವರ್ಷದಿಂದಲೇ ಸೈಟ್‌ಗೆ, ಅಂದರೆ ಕಾಮಗಾರಿ ನಡೆಯುವ ಜಾಗಕ್ಕೆ, ಕಾಲಿಟ್ಟವರಿಗೆ ಬೇಗ ಸಿಗುತ್ತದೆ. ಇಷ್ಟು ವರ್ಷ ಸೈಟ್‌ನಲ್ಲಿದ್ದು ನಾನು ಕಂಡಿದ್ದು ಇದನ್ನೇ.

ಮೊದಲು ಓದಿನ ದಾರಿ ಆರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷ, ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿ ಸಿಇಟಿ ಬರೆದರೆ ಬಿಇ ನಾಲ್ಕು ವರ್ಷ. ಇದಕ್ಕೆ ದೂರ ಹೋಗಬೇಕಿಲ್ಲ. ತುಮಕೂರಿನಲ್ಲೇ 1963ರಲ್ಲಿ ಶುರುವಾದ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು (ಎಸ್‌ಐಟಿ) ಇದೆ, ಶ್ರೀ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜೂ (ಎಸ್‌ಎಸ್‌ಐಟಿ) ಇದೆ. ಡಿಪ್ಲೊಮಾ ಅಂದರೆ ಕಡಿಮೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಮನೆಗೆ ಬೇಗ ಒಂದು ಸಂಬಳ ಬರಬೇಕು ಅನ್ನುವವರಿಗೆ ಅದೇ ಒಳ್ಳೆಯ ದಾರಿ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಇನ್ನು ಮುಖ್ಯವಾದ ಮಾತು. ಒಮ್ಮೆ ಜೂನಿಯರ್ ಸೈಟ್ ಎಂಜಿನಿಯರ್ ಕೆಲಸಕ್ಕೆ ಸಂದರ್ಶನ ಮಾಡುವವರ ಜೊತೆ ನಾನೂ ಕೂತಿದ್ದೆ. ಕೇಳಿದ್ದು ಚಿಕ್ಕ ಪ್ರಶ್ನೆ: 12 ಎಂಎಂ ಕಂಬಿ ಒಂದು ಮೀಟರ್‌ಗೆ ಎಷ್ಟು ತೂಕ? ಒಳ್ಳೆಯ ಅಂಕ ತೆಗೆದ ಮೂವರು ಸುಮ್ನೆ ಕೂತರು. ಪಾವಗಡ ಕಡೆಯ ಡಿಪ್ಲೊಮಾ ಹುಡುಗ ‘12ನ್ನು 12ರಿಂದ ಗುಣಿಸಿ 162ರಿಂದ ಭಾಗಿಸಿದರೆ ಸುಮಾರು 890 ಗ್ರಾಂ’ ಎಂದ. 162 ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, ಉಕ್ಕು ಒಂದು ಘನ ಮೀಟರ್‌ಗೆ 7850 ಕೆಜಿ ತೂಗುತ್ತದೆ ಎಂಬುದರಿಂದ ಹಿಡಿದು ಲೆಕ್ಕ ಬಿಡಿಸಿ ತೋರಿಸಿದ. ಕೆಲಸ ಅವನಿಗೇ ಸಿಕ್ಕಿತು. ಆ ಮೂವರೂ ದಡ್ಡರಲ್ಲ. ಅವರನ್ನು ಯಾರೂ ಕಂಬಿಯ ಹತ್ತಿರ ನಿಲ್ಲಿಸಿರಲಿಲ್ಲ, ಅಷ್ಟೆ. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಹಾಗಾಗಿ ಪ್ರತಿ ರಜೆಯಲ್ಲೂ ಒಂದು ತಿಂಗಳು ಸೈಟ್‌ಗೆ ಹೋಗಿ. ನಮ್ಮ ಜಿಲ್ಲೆಯಲ್ಲಿ ನೋಡಿ ಕಲಿಯಲು ಬೇಕಾದಷ್ಟಿದೆ. ಎತ್ತಿನಹೊಳೆ ನೀರಿನ ಯೋಜನೆಯ ಕಾಲುವೆ ತಿಪಟೂರು, ಗುಬ್ಬಿ, ಕೊರಟಗೆರೆ ಕಡೆ ಹಾದುಹೋಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಗೂ ನಮ್ಮ ಜಿಲ್ಲೆ ಸೇರಿದೆ. ತುಮಕೂರು–ದಾವಣಗೆರೆ, ತುಮಕೂರು–ರಾಯದುರ್ಗ ರೈಲು ಮಾರ್ಗಗಳಿವೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಶೆಡ್‌ಗಳಿವೆ. ದೊಡ್ಡ ಕಾಮಗಾರಿಯಲ್ಲಿ ಒಳಗೆ ಬಿಡದಿದ್ದರೆ ನಿಮ್ಮ ಬೀದಿಯಲ್ಲೇ ಏಳುತ್ತಿರುವ ಮನೆ ಸಾಕು. ಬೆಳಿಗ್ಗೆ ಎಂಟಕ್ಕೇ ಹೋಗಿ. ಕಾಲಿಗೆ ಶೂ, ತಲೆಗೆ ಹೆಲ್ಮೆಟ್, ಕೈಯಲ್ಲಿ ಟೇಪು, ನೋಟ್‌ಬುಕ್ ಇರಲಿ. ಮೇಸ್ತ್ರಿಯನ್ನು ‘ಅಣ್ಣಾ, ಇದು ಹೇಗೆ?’ ಎಂದು ಕೇಳಿ. ಕೇಳಿದರೆ ಹೇಳಿಕೊಡದ ಮೇಸ್ತ್ರಿ ಅಪರೂಪ.

ಅಲ್ಲಿ ಏನು ಕಲಿಯಬೇಕು? ಪಾಯ ಗುರುತು ಹಾಕುವುದು, ಲೆವೆಲ್ ತೆಗೆಯುವುದು (ಎತ್ತರ ತಗ್ಗು ಅಳೆಯುವುದು), ಕಂಬಿ ಕಟ್ಟುವುದನ್ನು ಡ್ರಾಯಿಂಗ್‌ಗೆ ತಾಳೆ ನೋಡುವುದು. ಕಾಂಕ್ರೀಟ್ ಹಾಕುವ ದಿನ ತಪ್ಪಿಸಿಕೊಳ್ಳಲೇಬೇಡಿ. ಸ್ಲಂಪ್, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂದು ನೋಡಿ. ಪರೀಕ್ಷೆಗೆ 150 ಎಂಎಂ ಕ್ಯೂಬ್ ಅಚ್ಚಿಗೆ ಕಾಂಕ್ರೀಟ್ ತುಂಬುವುದನ್ನು ನೀವೇ ಮಾಡಿ. ಅದನ್ನು 7ನೇ ದಿನ, 28ನೇ ದಿನ ಒಡೆದು ನೋಡುವುದು ಯಾಕೆ ಎಂದು ತಿಳಿದುಕೊಳ್ಳಿ. ಸಂಜೆ ಮನೆಗೆ ಬಂದು ಲೆಕ್ಕ ಹಾಕಿ. ಸಾವಿರ ಚದರಡಿಯ ಐದು ಇಂಚು ಸ್ಲ್ಯಾಬ್ ಎಂದರೆ ಸುಮಾರು 11.8 ಘನ ಮೀಟರ್ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣವಾದರೆ ಘನ ಮೀಟರ್‌ಗೆ ಎಂಟು ಮೂಟೆ ಸಿಮೆಂಟ್ ಬೇಕು. ಅಲ್ಲಿಗೆ ಸುಮಾರು 95 ಮೂಟೆ, ಬೀಮ್ ಬೇರೆ. ನಿಮ್ಮ ಲೆಕ್ಕಕ್ಕೂ ಸೈಟ್‌ನಲ್ಲಿ ಖರ್ಚಾದ ಮೂಟೆಗೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಬರೆದಿಡಿ. ಆ ನೋಟ್‌ಬುಕ್ಕನ್ನು ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ.

ಸಾಫ್ಟ್‌ವೇರ್ ವಿಷಯದಲ್ಲಿ ಜಾಸ್ತಿ ದುಡ್ಡು ಸುರಿಯಬೇಡಿ. ಆಟೋಕ್ಯಾಡ್, ಎಕ್ಸೆಲ್ ಎಲ್ಲರಿಗೂ ಬೇಕು. ಡಿಸೈನ್ ಕಡೆ ಹೋಗುವವರು ಕಟ್ಟಡದ ಭಾರ, ಬಲ ಲೆಕ್ಕ ಹಾಕುವ ಈಟ್ಯಾಬ್ಸ್ ಅಥವಾ ಸ್ಟಾಡ್ ಕಲಿಯಲಿ. ಆದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಓದದೆ ಅದನ್ನು ಮುಟ್ಟಬಾರದು. ಸರ್ವೆ ಇಷ್ಟವಿದ್ದರೆ ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಕಲಿಯಿರಿ. ರಸ್ತೆ, ಕಾಲುವೆ, ರೈಲು ಎಲ್ಲ ಕಡೆ ಅದನ್ನು ಬಲ್ಲವರು ಬೇಕು.

ಓದು ಮುಗಿದ ತಕ್ಷಣ ಕೆಲಸ ಸಿಗದಿದ್ದರೆ ಮನೆಯಲ್ಲಿ ಕೂರಬೇಡಿ. ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಡಿಪ್ಲೊಮಾ, ಬಿಇ ಇಬ್ಬರಿಗೂ ಸ್ಟೈಪೆಂಡ್ ಸಮೇತ ಒಂದು ವರ್ಷದ ತರಬೇತಿ ಸಿಗುತ್ತದೆ. ಕೆಲಸ ಕೊಡಿಸುತ್ತೇನೆ, ಇಷ್ಟು ಕೊಡಿ ಎನ್ನುವವರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಸರ್ಕಾರಿ ಕೆಲಸದ ಆಸೆ ಇದ್ದವರು ಖಾಸಗಿ ಕೆಲಸ ಮಾಡುತ್ತಲೇ ಓದುವುದು ಒಳ್ಳೆಯದು. ಯಾಕೆಂದರೆ ರಾಜ್ಯದ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಲೋಕೋಪಯೋಗಿ, ಜಲಸಂಪನ್ಮೂಲ, ಗ್ರಾಮೀಣಾಭಿವೃದ್ಧಿ ಇಲಾಖೆಗಳಲ್ಲಿ ಡಿಪ್ಲೊಮಾದವರಿಗೆ ಜೂನಿಯರ್ ಎಂಜಿನಿಯರ್ ಹುದ್ದೆ, ಬಿಇ ಆದವರಿಗೆ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆ. ಕೇಂದ್ರದಲ್ಲಿ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಜೂನಿಯರ್ ಎಂಜಿನಿಯರ್ (ಜೆಇ), ರೈಲ್ವೆ ಜೆಇ ಪರೀಕ್ಷೆಗಳನ್ನು ಡಿಪ್ಲೊಮಾದವರೂ ಬರೆಯಬಹುದು. ಬಿಇ ಆದವರಿಗೆ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಇದೆ. ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 30. ಎಂಜಿನಿಯರಿಂಗ್ ಓದಿದವರ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್‌ನ ಅಂಕಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಎಂ.ಟೆಕ್‌ಗೂ, ಕೆಲವು ಕೇಂದ್ರ ಉದ್ದಿಮೆಗಳ ನೇಮಕಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಇವುಗಳಿಗೆಲ್ಲ ಓದುವ ಸಿವಿಲ್ ವಿಷಯ ಹೆಚ್ಚು ಕಡಿಮೆ ಒಂದೇ. ಒಂದಕ್ಕೆ ಮಾಡಿದ ತಯಾರಿ ಇನ್ನೊಂದಕ್ಕೆ ಬಂದೇ ಬರುತ್ತದೆ.

ಇನ್ನೊಂದು ಕೆಲಸ ಈಗಲೇ ಮಾಡಿ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲೂ ರಾಜ್ಯದ ನೇಮಕಾತಿಯಲ್ಲೂ ಮೀಸಲಾತಿ ಇದೆ. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಇರುವ ಪ್ರಮಾಣಪತ್ರ ಬೇಕು. ನಮ್ಮ ಹಳ್ಳಿ ಮಕ್ಕಳು ಅರ್ಜಿಯ ಕೊನೇ ದಿನ ಇದಕ್ಕಾಗಿ ಓಡಾಡಿ ಅವಕಾಶ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ಶಾಲೆ ನಡೆಯುತ್ತಿರುವಾಗಲೇ ಒಂದು ದಿನ ಬಿಡುವು ಮಾಡಿಕೊಂಡು ಊರಿಗೆ ಹೋಗಿ ಬನ್ನಿ.