ಮಕ್ಕಳ ಜೊತೆ ಯಾಂಗ್‌ಶುವೊ ಹಳ್ಳಿಗಳಲ್ಲಿ ಸೈಕಲ್: ತಯಾರಿ ಕಾಸರಗೋಡಿನಲ್ಲೇ ಶುರುವಾಗಲಿ

ದಕ್ಷಿಣ ಚೀನಾದ ಗುವಾಂಗ್‌ಶಿಯಲ್ಲಿ, ಗುಯಿಲಿನ್ ನಗರದ ದಕ್ಷಿಣಕ್ಕೆ ಯಾಂಗ್‌ಶುವೊ ಇದೆ. ಸುಣ್ಣಕಲ್ಲಿನ ಗುಡ್ಡಗಳು ಗದ್ದೆಯ ಮಧ್ಯದಿಂದ ನೆಟ್ಟಗೆ ಎದ್ದು ನಿಂತಿದ್ದರೂ ಅವುಗಳ ನಡುವಿನ ಬೈಲು ಸಮತಟ್ಟು. ಬದಿಯಡ್ಕ, ಪೆರ್ಲದ ಏರುಗಳಲ್ಲಿ ಸೈಕಲ್ ತುಳಿದ ಮಕ್ಕಳಿಗೆ ಅಲ್ಲಿನ 15 ಕಿ.ಮೀ. ಭಾರವಾಗುವುದಿಲ್ಲ. ಎಡವುವುದು ಬೇರೆ ಕಡೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮ ಕೈಕಾಲಿಗೆ ಎಡಬದಿ ರೂಢಿಯಾಗಿದೆ.

ಈ ರೂಢಿ ಕೈಕೊಡುವುದು ದಟ್ಟ ಸಂಚಾರದಲ್ಲಲ್ಲ. ಮುಂದೆ ಹೋಗುವವರನ್ನು ನೋಡಿ ಅಲ್ಲಿ ಎಲ್ಲರೂ ಸರಿಯಾಗಿಯೇ ಹೋಗುತ್ತಾರೆ. ನೀರು ಕುಡಿಯಲು ನಿಂತು ಮತ್ತೆ ಹೊರಟಾಗ, ಎಡಕ್ಕೆ ತಿರುಗಿದ ಕೂಡಲೇ, ಯಾರೂ ಇಲ್ಲದ ಹಳ್ಳಿ ರಸ್ತೆಯಲ್ಲಿ ಗುಡ್ಡ ನೋಡುತ್ತಾ ಸಾಗುವಾಗ, ಸೈಕಲ್ ತಾನಾಗಿ ಎಡಕ್ಕೆ ಜಾರುತ್ತದೆ. ಹಾಗಾಗಿ ಹೊರಡುವ ಎರಡು ವಾರ ಮೊದಲು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ರಸ್ತೆ ಕೂಡುವ ಜಂಕ್ಷನ್ ಎಳೆಯಿರಿ. ಬಲಬದಿಯಲ್ಲೇ ಸಾಗುವುದು, ಎಡಕ್ಕೆ ದೊಡ್ಡ ಸುತ್ತಿನಲ್ಲಿ ತಿರುಗುವುದು, ಬಲಕ್ಕೆ ಅಂಚು ಹಿಡಿದು ತಿರುಗುವುದು, ರಸ್ತೆ ದಾಟುವ ಮೊದಲು ಎಡಕ್ಕೆ ನೋಡುವುದು: ಇಷ್ಟನ್ನು ದಿನಾ ಅರ್ಧ ಗಂಟೆ ಮಾಡಿಸಿದರೆ ಸಾಕು. ಊರಿನ ರಸ್ತೆಯಲ್ಲಿ ಮಾತ್ರ ಈ ಅಭ್ಯಾಸ ಖಂಡಿತ ಬೇಡ.

ಚೀನಾದ ಸಂಚಾರ ನಿಯಮದಂತೆ ರಸ್ತೆಯಲ್ಲಿ ಸೈಕಲ್ ಓಡಿಸಲು 12 ವರ್ಷ ತುಂಬಿರಬೇಕು, ಇಲೆಕ್ಟ್ರಿಕ್ ಸೈಕಲ್‌ಗೆ 16. ಹತ್ತು ವರ್ಷದ ಹುಡುಗ ಊರಿನಲ್ಲಿ ಎಷ್ಟೇ ಚೆನ್ನಾಗಿ ಓಡಿಸಿದರೂ ಅಲ್ಲಿ ಅವನಿಗೆ ಬೇರೆ ಸೈಕಲ್ ಕೊಡಬೇಡಿ. ಅವನು ಇಬ್ಬರು ತುಳಿಯುವ ಜೋಡಿ ಸೈಕಲ್‌ನ ಹಿಂದಿನ ಸೀಟಿಗೆ ಬರಲಿ. ಯಾಂಗ್‌ಶುವೊದಲ್ಲಿ ಅದು ಬಾಡಿಗೆಗೆ ಸುಲಭವಾಗಿ ಸಿಗುತ್ತದೆ.

ಜೋಡಿ ಸೈಕಲ್ ಹತ್ತುವ ಕ್ರಮ ಹೀಗೆ. ದೊಡ್ಡವರು ಮುಂದಿನ ಬಾರ್‌ನ ಎರಡೂ ಬದಿಗೆ ಕಾಲಿಟ್ಟು, ಎರಡೂ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಕು. ಆಮೇಲೆ ಮಗು ಹಿಂದೆ ಹತ್ತಿ ಪೆಡಲ್ ಮೇಲೆ ಎರಡೂ ಕಾಲು ಇಡಬೇಕು. ಮುಂದಿನವರು ಒಂದು ಪೆಡಲ್ ಮೇಲಕ್ಕೆ ತಂದುಕೊಂಡು "ಒಂದು, ಎರಡು, ಹೋಗುವ" ಎಂದು ಹೇಳಿ ತುಳಿಯಬೇಕು. ಎರಡು ಜೋಡಿ ಪೆಡಲ್‌ಗಳನ್ನೂ ಚೈನ್ ಒಟ್ಟಿಗೆ ತಿರುಗಿಸುವುದರಿಂದ ಒಬ್ಬರು ತಟ್ಟನೆ ನಿಲ್ಲಿಸಿದರೆ ಇನ್ನೊಬ್ಬರ ಕಾಲಿಗೆ ಪೆಟ್ಟು ಬೀಳುತ್ತದೆ. ನಿಲ್ಲಿಸುವ ಮೊದಲೂ ಕೂಗಿ ಹೇಳಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಗುವಿನ ಪಾದ ಅದರ ಮೇಲೆ ನಿಲ್ಲದಿದ್ದರೆ ಆ ಸೈಕಲ್ ಬೇಡ. ಭಾರ ಹೆಚ್ಚಿರುವುದರಿಂದ ಬ್ರೇಕ್ ಹಿಡಿದ ಮೇಲೂ ಅದು ಮಾಮೂಲಿ ಸೈಕಲ್‌ಗಿಂತ ದೂರ ಹೋಗಿ ನಿಲ್ಲುತ್ತದೆ, ತಿರುಗಲು ಜಾಗವೂ ಹೆಚ್ಚು ಬೇಕು.

ಚಿಕ್ಕ ಮಗುವಿಗೆ ಬೆಲ್ಟ್ ಇರುವ, ಪಾದಕ್ಕೆ ತಡೆ ಇರುವ ಸೀಟೇ ಆಗಬೇಕು. ಸೀಟಿನ ಮೇಲೆ ಬರೆದ ತೂಕದ ಮಿತಿ ನೋಡಿ. ಬರೀ ಕ್ಯಾರಿಯರ್ ಮೇಲೆ ಕೂರಿಸಿದರೆ ನಿದ್ದೆ ಬಂದ ಮಗುವಿನ ಕಾಲು ಸಡಿಲವಾಗಿ ಕಡ್ಡಿಗಳ ನಡುವೆ ಹೋಗುತ್ತದೆ, ಹಿಮ್ಮಡಿಯ ಚರ್ಮವೇ ಕಿತ್ತು ಬರುತ್ತದೆ. ಚೂಡಿದಾರದ ಶಾಲು ಹೋಟೆಲಲ್ಲೇ ಇರಲಿ. ಮಕ್ಕಳ ಹೆಲ್ಮೆಟ್ ಊರಿನಿಂದಲೇ ಒಯ್ಯಿರಿ.

ಬಾಡಿಗೆ ಅಂಗಡಿಯಲ್ಲಿ ಹತ್ತು ನಿಮಿಷ ಖರ್ಚು ಮಾಡಲು ಸಂಕೋಚ ಬೇಡ. ಒಂದೊಂದೇ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ನೂಕಿ ನೋಡಿ, ಯಾವ ಹಿಡಿ ಮುಂದಿನ ಚಕ್ರದ್ದು ಎಂದು ಮನೆಮಂದಿಗೆಲ್ಲ ತೋರಿಸಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾದರೆ ಎತ್ತರ ಸರಿ. ಟಯರನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ, ಕುಗ್ಗಿದರೆ ಗಾಳಿ ಹಾಕಿಸಿ. ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ, ಹಣ ಇಡಿ. ಅಲ್ಲಿ ಹೆಚ್ಚಿನ ಪಾವತಿ ಅಲಿಪೇ, ವೀಚಾಟ್ ಎಂಬ ಮೊಬೈಲ್ ಆ್ಯಪ್‌ಗಳಲ್ಲೇ ನಡೆಯುತ್ತದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಊರಿನಲ್ಲೇ ಜೋಡಿಸಿಕೊಳ್ಳಿ, ಸ್ವಲ್ಪ ಯುವಾನ್ ನೋಟೂ ಇರಲಿ. ಗೂಗಲ್, ವಾಟ್ಸಾಪ್ ಅಲ್ಲಿ ನಿರ್ಬಂಧಿತ. ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ ಮೊದಲೇ ಇಳಿಸಿಡಿ, ಹೋಟೆಲಿನ ಹೆಸರನ್ನು ಚೀನೀ ಲಿಪಿಯಲ್ಲಿ ಬರೆಸಿ ಪ್ರತಿಯೊಬ್ಬರ ಜೇಬಿನಲ್ಲಿಡಿ.

ದಾರಿಯ ವಿಷಯಕ್ಕೆ ಬಂದರೆ, ಮೂನ್ ಹಿಲ್ ಕಡೆಗಿನ ಮುಖ್ಯ ರಸ್ತೆ ಪ್ರಸಿದ್ಧ, ಆದರೆ ಅಲ್ಲಿ ಬಸ್ಸು ಕಾರುಗಳ ಓಡಾಟವಿದೆ. ಮಕ್ಕಳಿದ್ದರೆ ಯುಲಾಂಗ್ ನದಿಯ ದಂಡೆಯ ಹಳ್ಳಿ ದಾರಿಗಳೇ ಒಳ್ಳೆಯದು. ಜಿಯುಶಿಯಾನ್‌ನಂಥ ಹಳೆಯ ಹಳ್ಳಿಗಳು, ಭತ್ತದ ಗದ್ದೆ, ಕಿತ್ತಳೆ ಜಾತಿಯ ತೋಟಗಳು, ಬಿದಿರ ತೆಪ್ಪಗಳು ಎಲ್ಲವೂ ಆ ಬದಿಯಲ್ಲಿವೆ. ಮೇಲ್ದಂಡೆಯಲ್ಲಿ 1412ರಲ್ಲಿ ಕಟ್ಟಿದ ಒಂದೇ ಕಮಾನಿನ ಯುಲಾಂಗ್ ಕಲ್ಲುಸೇತುವೆ ಇದೆ. ಗದ್ದೆ ಹುಣಿಯ ಮೇಲಿನ ಕಾಂಕ್ರೀಟ್ ದಾರಿ ಇಕ್ಕಟ್ಟು. ಎದುರಿಗೆ ಗಾಡಿ ಬಂದರೆ ಇಳಿದು ಬಲಕ್ಕೆ ಸರಿದು ನಿಲ್ಲಿ. ಮಳೆ ಬಿದ್ದ ಮೇಲೆ ಪಾಚಿ ಕಟ್ಟಿದ ಕಡೆ ನೂಕಿಕೊಂಡೇ ಹೋಗಿ.

ಮುಂದೆ ಒಬ್ಬ ದೊಡ್ಡವರು, ಅವರ ಬೆನ್ನಿಗೆ ಎಲ್ಲರಿಗಿಂತ ನಿಧಾನದವರು, ಕೊನೆಗೆ ಇನ್ನೊಬ್ಬ ದೊಡ್ಡವರು. ಇಲೆಕ್ಟ್ರಿಕ್ ಸ್ಕೂಟರ್‌ಗಳು ಸದ್ದಿಲ್ಲದೆ ಹಿಂದಿನಿಂದ ಬರುತ್ತವೆ. ಕಂಡವರು ಕೂಗಬೇಕು. ಮಕ್ಕಳಿದ್ದರೆ ಗಂಟೆಗೆ 8ರಿಂದ 10 ಕಿ.ಮೀ. ಲೆಕ್ಕ ಹಾಕಿ, ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ನೀರು.

ಸಸ್ಯಾಹಾರಿಗಳಿಗೆ ಊಟ ನಿಜಕ್ಕೂ ತಲೆನೋವು. ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಬಿದ್ದಿರಬಹುದು, ಗುಯಿಲಿನ್‌ನ ಅಕ್ಕಿ ಶ್ಯಾವಿಗೆಯ ಸಾರು ಮಾಂಸದ್ದು. "ನಾವು ಮಾಂಸ, ಮೀನು, ಕೊಬ್ಬು ತಿನ್ನುವುದಿಲ್ಲ" ಎಂದು ಚೀನೀ ಲಿಪಿಯಲ್ಲಿ ಬರೆದ ಚೀಟಿ ತೋರಿಸಿ. ದಾರಿಗೆ ಒಗ್ಗರಣೆ ಅವಲಕ್ಕಿ, ನೆಲಕಡಲೆ ಚಿಕ್ಕಿ, ಬಾಳೆಕಾಯಿ ಚಿಪ್ಸ್ ಸಾಕು. ತಾಜಾ ಹಣ್ಣು ಒಯ್ದರೆ ಕಸ್ಟಮ್ಸ್‌ನಲ್ಲಿ ಹೋಗುತ್ತದೆ.

ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಜೋರು, ನೀರು ಏರಿದರೆ ತೆಪ್ಪವೂ ಇಲ್ಲ. ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆ, ಜನವೋ ಜನ. ಅದು ಮುಗಿದ ಮೇಲಿನ ವಾರಗಳೇ ನಮ್ಮ ಆಯ್ಕೆ. ಆಗ ಸಂಜೆ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಹಾಗಾಗಿ ಐದಕ್ಕೆ ಸೈಕಲ್ ಅಂಗಡಿ ಸೇರುವಂತೆ ಮಧ್ಯಾಹ್ನ ಎರಡೂವರೆಗೇ ವಾಪಸ್ ಹೊರಡಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 120. ಎರಡನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ.