ಇಳಕಲ್ ಸೀರೆಯ ಮೇಲ್ ಮತ್ತು ಕತ್ತರಿಸಿ ಹೋದ ಒತ್ತಕ್ಷರ

ಬಾಗಲಕೋಟೆಯ ನವನಗರದಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಇಳಕಲ್ಲಿನ ಸೀರೆ ಅಂಗಡಿಯೊಂದರವರು ದೀಪಾವಳಿಗೆ ಗಿರಾಕಿಗಳಿಗೆ ಮೇಲ್ ಕಳಿಸಬೇಕು ಅಂದಾಗ, ಇದೇನು ಮಹಾ ಅಂತ ವೆಬ್‌ಸೈಟಿನಲ್ಲಿ ಸಾಲು ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಹಾಕಿ ಎರಡೇ ತಾಸಿನಲ್ಲಿ ಮುಗಿಸಿದೆ. ಮರುದಿನ ಮಾಲೀಕರ ಫೋನು: "ಏನ್ರೀ ಇದು, ಸೆರಗು ಒಂದ್ ಕಡೆ, ರೇಟು ಒಂದ್ ಕಡೆ ಬಿದ್ದಾವಲ್ಲ! ಗಿರಾಕಿ ಆಫೀಸಿನ ಕಂಪ್ಯೂಟರ್‌ನ್ಯಾಗ ನೋಡ್ಯಾರ."

ಆ ಆಫೀಸಿನಲ್ಲಿದ್ದದ್ದು ಔಟ್‌ಲುಕ್, ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ. ವಿಂಡೋಸ್‌ನ ಹಳೆಯ ಔಟ್‌ಲುಕ್ 2007ರಿಂದ ಮೇಲ್ ತೋರಿಸುವುದು ವರ್ಡ್‌ನ ಎಂಜಿನ್ನಿನಿಂದ. ಅದಕ್ಕೆ ಫ್ಲೆಕ್ಸ್ ಗೊತ್ತಿಲ್ಲ, ಇಷ್ಟಕ್ಕಿಂತ ಅಗಲ ಬೇಡ ಅನ್ನುವ ಮ್ಯಾಕ್ಸ್-ವಿಡ್ತ್ ಗೊತ್ತಿಲ್ಲ. ಮತ್ತೆ ಟೇಬಲ್ ಕೋಡಿಗೆ, ಅಂದರೆ ಸಾಲು-ಮನೆಗಳ ಕೋಷ್ಟಕಕ್ಕೆ ಬಂದೆ: 600 ಪಿಕ್ಸೆಲ್ ಅಗಲ, ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಏನಿದ್ದರೂ ಕೋಷ್ಟಕದ ಮನೆಯಾದ ಟಿಡಿಗೆ, ಸ್ಟೈಲ್ ಎಲ್ಲ ಇನ್‌ಲೈನ್ (ಆಯಾ ಟ್ಯಾಗಿನೊಳಗೇ), ಚಿತ್ರದ ಅಗಲ ಇಮೇಜ್ ಟ್ಯಾಗಿನ ಆಟ್ರಿಬ್ಯೂಟ್‌ನಲ್ಲೂ. ಸೀರೆಗಳು ಸಾಲಾಗಿ ನಿಂತವು.

ಆದರೆ ತಲೆಬರಹದ "ರೇಷ್ಮೆ" ಅಲ್ಲಿ "ರೇಷೆ" ಆಗಿತ್ತು, "ಚಿಕ್ಕಿ ಪರಾಸ" ದಡಿ "ಚಿಕಿ ಪರಾಸ"! ಅರ್ಧ ದಿನ ಫಾಂಟನ್ನು ಬೈದೆ. ತಪ್ಪು ನನ್ನದೇ. ಎಲ್ಲಿಂದಲೋ ಎತ್ತಿಕೊಂಡ ಇಂಗ್ಲಿಷ್ ಟೆಂಪ್ಲೇಟಿನಲ್ಲಿ 22 ಪಿಕ್ಸೆಲ್ ಅಕ್ಷರಕ್ಕೆ 24ರ ಲೈನ್-ಹೈಟ್ (ಸಾಲಿನ ಎತ್ತರ) ಇತ್ತು, ಜೊತೆಗೆ ಅದನ್ನು ಮೀರಬೇಡ ಎಂದು ಔಟ್‌ಲುಕ್‌ಗೆ ಹೇಳುವ ಎಂಎಸ್‌ಓ ಸಾಲೂ ಇತ್ತು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಕೆಳಗೆ ಜೋತು ಬೀಳುತ್ತದೆ, ವರ್ಡ್ ಅದನ್ನು ಕತ್ತರಿಸಿಬಿಡುತ್ತದೆ. 36 ಮಾಡಿದೆ, ಸರಿಹೋಯಿತು. ಗೂಗಲ್‌ನಿಂದ ಎಳೆದ ಕನ್ನಡ ಫಾಂಟು ಜಿಮೇಲ್‌ನಲ್ಲಿ ಬರಲೇ ಇಲ್ಲ. ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಹೆಸರು ಕೊಟ್ಟು ಸುಮ್ಮನಾದೆ.

ಮುಂದಿನ ಪೆಟ್ಟು ಜಿಮೇಲ್‌ನದು. ಮೇಲ್‌ನ ಎಚ್‌ಟಿಎಂಎಲ್ ಕೋಡು 102 ಕೆಬಿ ದಾಟಿದರೆ ಅದನ್ನು ಅದು ಅರ್ಧಕ್ಕೇ ತುಂಡು ಮಾಡುತ್ತದೆ. ಅಂಗಡಿಯ ವಿಳಾಸ, ಮೇಲ್ ಬೇಡ ಅನ್ನುವವರಿಗಿರುವ ಅನ್‌ಸಬ್‌ಸ್ಕ್ರೈಬ್ ಲಿಂಕು ಎರಡೂ ಮಾಯ. ನಾಲ್ಕು ಸೀರೆಗೆ ಇಷ್ಟು ತೂಕ ಹೇಗೆ ಅಂತ ಕೋಡ್ ಬಿಚ್ಚಿ ನೋಡಿದರೆ, ಸ್ಟೈಲನ್ನು ಇನ್‌ಲೈನ್ ಮಾಡಿದ ಟೂಲು ಕನ್ನಡವನ್ನೆಲ್ಲ ಅಂಕಿ-ಸಂಕೇತಕ್ಕೆ ತಿರುಗಿಸಿತ್ತು. "ಕ" ಅಕ್ಷರ ಉಳಿಸುವ ಮಾಮೂಲಿ ಪದ್ಧತಿಯಾದ ಯುಟಿಎಫ್-8ನಲ್ಲಿ 3 ಬೈಟು, ಹಾಗೆ ಬರೆದರೆ 7. ಟೂಲಿನ ಆ ಆಯ್ಕೆಯನ್ನು ಆಫ್ ಮಾಡಿದೆ. ಟೆಂಪ್ಲೇಟಿನ ಬೇಡದ ಕಸವನ್ನೂ ತೆಗೆದೆ.

ಮಾಲೀಕರಿಗೆ ಇಡೀ ಮೇಲ್ ಒಂದೇ ಫೋಟೊ ಆಗಿದ್ದರೆ ಚೆಂದ ಅನ್ನಿಸಿತ್ತು, ಬ್ಯಾನರ್ ಇದ್ದಂಗ. ಒಪ್ಪಲಿಲ್ಲ. ಮೇಲ್ ಪ್ರೋಗ್ರಾಂ ಚಿತ್ರ ತಡೆದ ಕಡೆ ಗಿರಾಕಿಗೆ ಕಾಣುವುದು ಖಾಲಿ ಡಬ್ಬಿ. ಹೆಸರು, ರೇಟು ಅಕ್ಷರದಲ್ಲೇ ಇಟ್ಟು, ಪ್ರತಿ ಫೋಟೊಗೂ ಆಲ್ಟ್ (ಚಿತ್ರ ಬಾರದಿದ್ದಾಗ ಕಾಣುವ ಬರಹ) ಬರೆದೆ. ಡಾರ್ಕ್ ಮೋಡಿನಲ್ಲಿ ಕಪ್ಪು ಲೋಗೊ ಕಾಣೆಯಾಗುತ್ತಿತ್ತು. ಸುತ್ತ ಬಿಳಿ ಅಂಚು ಕೊಟ್ಟೆ.

ಈಗ ಕಳಿಸುವ ಮುಂಚೆ ಪಕ್ಕದ ಸಿಎ ಆಫೀಸಿನ ಹಳೇ ಔಟ್‌ಲುಕ್‌ನಲ್ಲಿ ತೆರೆದು ನೋಡುತ್ತೇನೆ. ಅದಕ್ಕೆ ಬದಲಾಗಿ ಅವರ ಪ್ರಿಂಟರ್ ಕೆಟ್ಟಾಗಲೆಲ್ಲ ನಾನೇ ಓಡಬೇಕು.