ರೇಡಾರ್ ಇಲ್ಲದೆ ಬಿವೈ ಹಿಡಿದದ್ದು: ನನ್ನ ಅನುಭವ

"ರೇಡಾರ್ ಇಲ್ಲದ ಧ್ರುವದಾಗ ಪ್ಲಾಸ್ಮಾ ಯಾವ ಕಡೆ ಹರೀತದ ಅಂತ ಹೆಂಗ ಹೇಳ್ತೀರಿ?" ಪುಣೆಯ ನಮ್ಮ ಕನ್ನಡ ಗೆಳೆಯರದು ಎರಡು ವರ್ಷ ಇದೇ ಪ್ರಶ್ನೆ. ಈಗ ಗ್ರಾಫ್ ಸಿದ್ಧವಿದೆ: ಸೌರಮಾರುತದ ಕಾಂತಕ್ಷೇತ್ರದ ಪೂರ್ವ–ಪಶ್ಚಿಮ ಘಟಕವೇ ಬಿವೈ, ಅದರ ಚಿಹ್ನೆ ತಿರುಗಿದರೆ ಧ್ರುವದ ಮೇಲಿನ ಪ್ಲಾಸ್ಮಾದ (ವಿದ್ಯುದಾವಿಷ್ಟ ಅನಿಲದ) ಹರಿವೂ ತಿರುಗುತ್ತದೆ. ಗ್ರೀನ್‌ಲ್ಯಾಂಡ್ ಪಶ್ಚಿಮ ಕರಾವಳಿಯ ಮ್ಯಾಗ್ನೆಟೋಮೀಟರ್ (ಭೂಕಾಂತಕ್ಷೇತ್ರ ಅಳೆಯುವ ಉಪಕರಣ) ಸಾಲು, ನಾಸಾದ ಸೌರಮಾರುತ ಸಂಗ್ರಹ ಓಮ್ನಿಯ ಒಂದು ನಿಮಿಷದ ದತ್ತಾಂಶ, ಕೋಥ್ರೂಡ್‌ನ ಮನೆಯಲ್ಲಿ 14,000 ರೂಪಾಯಿಯ ಹಳೆ ಡೆಸ್ಕ್‌ಟಾಪ್, ಮೇಲೆ 4,000ದ ಹಾರ್ಡ್ ಡಿಸ್ಕ್. ದತ್ತಾಂಶ ಪುಕ್ಕಟೆ.

ನೋಡಬೇಕಾದ್ದು ಆ ಸಾಲಿನ ಉಪರ್ನವಿಕ್ ಕೇಂದ್ರದ ಎಚ್ (ಉತ್ತರದ ಕಡೆಯ ಅಡ್ಡ ಘಟಕ) ಮತ್ತು ಇನ್ನೂ ಉತ್ತರದ ಥೂಲೆಯ ಝೆಡ್ (ಕೆಳಮುಖ ಘಟಕ). ಅಲ್ಲಿ ಕಾಂತೀಯ ಮಧ್ಯಾಹ್ನ (ಭೂಕಾಂತದ ಲೆಕ್ಕದಲ್ಲಿ ಸೂರ್ಯ ನೇರ ಎದುರಿರುವ ಹೊತ್ತು) ಬರುವುದು ಸುಮಾರು 14 ಯುಟಿಗೆ (ವಿಶ್ವ ಸಮಯ), ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. ಬಿವೈ ಧನವಾದರೆ ಉತ್ತರದ ಕಸ್ಪ್‌ನಲ್ಲಿ (ಸೌರಮಾರುತ ನೇರ ಒಳನುಗ್ಗುವ ಕಾಂತೀಯ ಕಿಂಡಿ) ಪ್ಲಾಸ್ಮಾ ಪಶ್ಚಿಮಕ್ಕೆ ಓಡುತ್ತದೆ, ಅದಕ್ಕೆ ಎದುರಾಗಿ ಹರಿಯುವ ಹಾಲ್ ವಿದ್ಯುತ್ ಪ್ರವಾಹ ಪೂರ್ವಕ್ಕೆ. ಹಾಗಾಗಿ ಉಪರ್ನವಿಕ್‌ನಲ್ಲಿ ಎಚ್ ಏರಬೇಕು, ಥೂಲೆಯಲ್ಲಿ ಝೆಡ್ ಇಳಿಯಬೇಕು. ಋಣವಾದರೆ ಎರಡೂ ತಿರುಗಬೇಕು. 1968–69ರಲ್ಲಿ ಸ್ವಾಲ್‌ಗಾರ್ಡ್, ಮನ್ಸುರೋವ್ ಎಂಬ ವಿಜ್ಞಾನಿಗಳು ಕಂಡದ್ದೂ ಇದನ್ನೇ.

ಮೊದಲ ಏಳೆಂಟು ತಿಂಗಳು ಏನೂ ಕಾಣಲಿಲ್ಲ. ಸೌರಮಾರುತ ಅಳೆಯುವ ಉಪಗ್ರಹಗಳ ಜಾಗ ಎಲ್1 ಇರುವುದು ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರ, ಸೌರಮಾರುತ ಸೆಕೆಂಡಿಗೆ 400 ಕಿ.ಮೀ., ಅಂದರೆ ಒಂದು ತಾಸು. ಆ ತಾಸನ್ನು ನಾನು ಓಮ್ನಿಗೆ ಮತ್ತೆ ಸೇರಿಸಿದ್ದೆ. ಓಮ್ನಿ ಅದಾಗಲೇ ಬೋ ಶಾಕ್‌ನ (ಭೂಮಿಯ ಮುಂದೆ ಸೌರಮಾರುತ ಬಡಿದು ಏಳುವ ಆಘಾತದ ಅಲೆ) ಮೂಗಿಗೆ ಸಮಯ ಸರಿಸಿಕೊಟ್ಟಿರುತ್ತದೆ! ಅಲ್ಲಿಂದ ಅಯಾನುಗೋಳಕ್ಕೆ ಹಿಡಿಯುವ ಸಮಯವಷ್ಟೇ ಬಾಕಿ. ಸೊನ್ನೆಯಿಂದ 40 ನಿಮಿಷದವರೆಗೆ ಒಂದೊಂದಾಗಿ ಸರಿಸಿ ನೋಡಿದಾಗ 15–20ರ ನಡುವೆ ಸಂಬಂಧ ಎದ್ದು ಕಂಡಿತು. ಇನ್ನೊಂದು ಸಲ ಬಿವೈ ಸರಾಸರಿ 300 ನ್ಯಾನೋಟೆಸ್ಲಾ ಬಂತು: ಖಾಲಿ ನಿಮಿಷಕ್ಕೆ ತುಂಬುವ 9999.99 ಅನ್ನು ತೆಗೆದಿರಲಿಲ್ಲ. ಭೂಕಕ್ಷೆಯ ಸಮತಲ ಹಿಡಿದ ಜಿಎಸ್‌ಇ ಅಲ್ಲ, ಭೂಕಾಂತದ ಅಕ್ಷ ಹಿಡಿದ ಜಿಎಸ್‌ಎಂ ಕಾಲಮ್ಮನ್ನೇ ತೆಗೆದುಕೊಳ್ಳಿ. ಬಿವೈ ಮತ್ತು ಉತ್ತರ–ದಕ್ಷಿಣ ಘಟಕ ಬಿಝೆಡ್ ಸೇರಿ ತೋರುವ ದಿಕ್ಕಾದ ಕ್ಲಾಕ್ ಕೋನವನ್ನು (0 ಉತ್ತರ, 180 ದಕ್ಷಿಣ) ನೇರ ಸರಾಸರಿ ಮಾಡಬೇಡಿ. 350 ಮತ್ತು 10ರ ಸರಾಸರಿ 180 ಆಗುತ್ತದೆ, ಉತ್ತರಮುಖಿ ಬಿಝೆಡ್ ದಕ್ಷಿಣಮುಖಿಯಾಗಿಬಿಡುತ್ತದೆ. ಬಿವೈ, ಬಿಝೆಡ್ ಬೇರೆಬೇರೆ ಸರಾಸರಿ ಮಾಡಿ ಆಮೇಲೆ ಕೋನ ತೆಗೆಯಿರಿ.

ನಿಜವಾದ ಕಂಟಕ ಮಾತ್ರ ಆಧಾರರೇಖೆ, ಅಂದರೆ ಅಳತೆಯಿಂದ ಕಳೆಯಬೇಕಾದ ಸಾಮಾನ್ಯ ಮಟ್ಟ. ತಿಂಗಳ ಸರಾಸರಿಯನ್ನು ಕಳೆದರೆ, ಆ ತಿಂಗಳಲ್ಲಿ ಧನ ಬಿವೈ ದಿನಗಳು ಹೆಚ್ಚಿದ್ದಾಗ ನಾವು ಹುಡುಕುವ ಸಂಕೇತವೇ ಕಳೆದುಹೋಗುತ್ತದೆ. ಒಂದೇ ಚಿಹ್ನೆಯ ಸೌರಮಾರುತದ ಭಾಗಗಳು (ಸೆಕ್ಟರ್‌ಗಳು) ಸೂರ್ಯನ ಜೊತೆ 27 ದಿನದ ಸುತ್ತಿಗೆ ತಿರುಗುವುದರಿಂದ ಈ ಏರುಪೇರು ತಪ್ಪಿದ್ದಲ್ಲ. ಎರಡೂ ಚಿಹ್ನೆಗೆ ಸಮ ತೂಕ ಕೊಟ್ಟು ಶಾಂತದಿನದ ರೇಖೆ ಕಟ್ಟಿದ ದಿನವೇ ಗ್ರಾಫ್ ಬಾಯಿ ಬಿಟ್ಟಿತು. ತೂಕ ಕಟ್ಟಿದ ಪರಿ ಸದ್ಯಕ್ಕೆ ನನ್ನಲ್ಲೇ ಇರಲಿ.

ಉಳಿದ ಜರಡಿ ಇಷ್ಟು: ಬಿವೈ (ಚಿಹ್ನೆ ಬಿಟ್ಟು) 4 ನ್ಯಾನೋಟೆಸ್ಲಾ ಮೀರಿರಬೇಕು, 30 ನಿಮಿಷ ಚಿಹ್ನೆ ಬದಲಾಗಬಾರದು. ಎಂಟು ವರ್ಷದ ಜೂನ್–ಜುಲೈ ಮಧ್ಯಾಹ್ನದ ನಾಲ್ಕು ತಾಸಿನ ಸುಮಾರು 1.17 ಲಕ್ಷ ನಿಮಿಷದಲ್ಲಿ ಉಳಿದದ್ದು 20–25 ಸಾವಿರ. ಧನ, ಋಣಗಳ ನಡುವೆ ಉಪರ್ನವಿಕ್ ಎಚ್‌ನ ಅಂತರ ಹತ್ತಿರ ಹತ್ತಿರ 150 ನ್ಯಾನೋಟೆಸ್ಲಾ. ಥೂಲೆಯ ಝೆಡ್ ಕೂಡ ಹೇಳಿದಂತೆಯೇ ಎದುರು ದಿಕ್ಕಿಗೆ. ಪ್ರಶ್ನೆ ಕೇಳಿದವರೇ ಈಗ ಕೋಡ್ ಕೇಳುತ್ತಿದ್ದಾರೆ.

ನಡುವೆ ಡಿಸೆಂಬರನ್ನೂ ಓಡಿಸಿದೆ. ಕತ್ತಲಲ್ಲಿ ವಾಹಕತೆ ಕುಸಿದು ಅಂತರ ಮೂರನೇ ಒಂದಕ್ಕೂ ಕೆಳಗೆ ಬಂತು. ಬೇಸಿಗೆಯಲ್ಲೇ ಬಿಝೆಡ್ +5 ದಾಟಿದ ನಿಮಿಷಗಳನ್ನು ಬೇರೆ ತೆಗೆದರೆ ಥೂಲೆಯ ಅಡ್ಡ ಘಟಕ ತಿರುವುಮುರುವು: ಧ್ರುವದ ನಡುವೆ ಪ್ಲಾಸ್ಮಾ ಸೂರ್ಯನ ಕಡೆಗೇ ಹರಿಯುವ ಹೊತ್ತು ಅದು. ಅಲ್ಲಿ ನಿಮಿಷಗಳು ಕಡಿಮೆ, ಇನ್ನೂ ನಾಲ್ಕು ಬೇಸಿಗೆಯ ಕಡತಗಳು ಇಳಿಯುತ್ತಿವೆ.